ಎಳೆಯ ಮಕ್ಕಳ ರಕ್ತಹೀನತೆ ಮತ್ತು ಕಬ್ಬಿಣ ಸೇರಿಸಿದ ಆಹಾರ

 

ರಕ್ತಹೀನತೆಯನ್ನು ಉರ್ದುವಿನಲ್ಲಿ ನಾವು ‘ಖೂನ್ ಕೀ ಕಮೀ’ ಎನ್ನುತ್ತೇವೆ. ಭಾಷೆ ಕಲಿಸುವ ನನಗೆ ಈ ಎರಡು ಪದಗಳೂ ಸರಿಯೆನಿಸುವುದಿಲ್ಲ. ಕಡಿಮೆಯಾಗಿರುವುದು ರಕ್ತವಲ್ಲ, ಅದರಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್. ಹಾಗಾಗಿ ಮೈಕೈ ತುಂಬಿಕೊಂಡ ಮಗುವಿಗೂ ಈ ತೊಂದರೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2015-16ರಲ್ಲಿ ಅದು ಶೇ. 60.9 ಆಗಿತ್ತು. ಮೆದುಳು ಬೆಳೆಯುವ ವಯಸ್ಸು ಇದೇ. ತರಗತಿಯಲ್ಲಿ ಮಂಕಾಗಿ ಕೂರುವ ಮಗುವನ್ನು ಸೋಮಾರಿ ಎಂದು ಗದರುವ ಮೊದಲು ನಾವು ಶಿಕ್ಷಕರು ಇದನ್ನು ನೆನೆಯಬೇಕು.

2021ರ ಆಗಸ್ಟ್ 15ರಂದು ಪ್ರಧಾನಮಂತ್ರಿಗಳು ಸಾರವರ್ಧಿತ ಅಕ್ಕಿಯ ಯೋಜನೆಯನ್ನು ಘೋಷಿಸಿದರು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವ ಬೆರೆಸಿ, ಯಂತ್ರದಲ್ಲಿ ಅಕ್ಕಿ ಕಾಳಿನ ಆಕಾರಕ್ಕೆ ತಂದು, ನೂರು ಪಾಲು ಅಕ್ಕಿಗೆ ಒಂದು ಪಾಲಿನಂತೆ ಸೇರಿಸುತ್ತಾರೆ. ನ್ಯಾಯಬೆಲೆ ಅಂಗಡಿಗೆ ಈ ಅಕ್ಕಿ ಬಂದಾಗ ಆದದ್ದೇನು? ತೊಳೆಯುವಾಗ ಕೆಲವು ಕಾಳು ತೇಲಿದವು, ಬಣ್ಣ ಸ್ವಲ್ಪ ಬೇರೆ ಕಂಡಿತು. ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಸುದ್ದಿ ಹಬ್ಬಿತು. ತಾಯಂದಿರು ಮೊರದಲ್ಲಿ ಹಾಕಿಕೊಂಡು ಆ ಕಾಳುಗಳನ್ನೇ ಆರಿಸಿ ಎಸೆದರು. ಔಷಧಿ ಎಸೆದು ಬಾಟಲಿ ಇಟ್ಟುಕೊಂಡಂತೆ! ಅವರನ್ನು ದೂರಲಾರೆ, ಚೀಟಿಯ ಮೇಲಿನ ನಾಲ್ಕು ಸಾಲು ಓದಿ ಹೇಳುವವರು ಮನೆಯಲ್ಲಿ ಇರಲಿಲ್ಲ. ವಿದ್ಯಾರ್ಥಿಗಳೇ, ಆ ಕೆಲಸ ನಿಮ್ಮದು. ತೇಲಿದ ಕಾಳನ್ನು ನೀರಿನೊಂದಿಗೆ ಚೆಲ್ಲಬಾರದೆಂದು ಅಮ್ಮೀಜಾನ್‌ಗೆ, ನೆರೆಮನೆಯ ಖಾಲಾಗೆ ತಿಳಿಸಿ.

ಆದರೆ ಈ ಅಕ್ಕಿಯೊಂದರಿಂದಲೇ ಎಲ್ಲವೂ ಆಗದು. ಕಿಲೋ ಅಕ್ಕಿಯಲ್ಲಿ ಸೇರಿಸುವ ಕಬ್ಬಿಣ 28ರಿಂದ 42.5 ಮಿಲಿಗ್ರಾಂ. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಬೇಕು; 100 ಗ್ರಾಂ ಅಕ್ಕಿ ಉಂಡರೆ ಅದರಿಂದ ಸಿಗುವುದು ಮೂರು-ನಾಲ್ಕು ಮಾತ್ರ. ಉಳಿದದ್ದು ರಾಗಿ, ಸೊಪ್ಪು, ಬೇಳೆ, ಮಾಂಸದಿಂದ ಬರಬೇಕು. ಮಾಂಸದ ಕಬ್ಬಿಣವನ್ನು ದೇಹ ಬೇಗ ಹೀರಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಕಲೇಜಿ ತಂದ ದಿನ ತಟ್ಟೆ ಮೊದಲು ಹೋಗುವುದು ದೊಡ್ಡವರ ಮುಂದೆ. ಎರಡು ತುಂಡು ಚೆನ್ನಾಗಿ ಬೇಯಿಸಿ, ಮೆತ್ತಗೆ ಕಿವುಚಿ ಚಿಕ್ಕವರಿಗೂ ಕೊಡಿ. ಸೊಪ್ಪು-ಬೇಳೆಯ ಮೇಲೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣವೂ ಮೈಗೆ ಹತ್ತುತ್ತದೆ.

ಇನ್ನು ಚಹಾ. ಎರಡು ವರ್ಷದ ಮಗುವಿಗೂ ಬನ್ನು, ಬಿಸ್ಕತ್ತು ಅದ್ದಿಕೊಡುವ ರೂಢಿ ನಮ್ಮಲ್ಲಿದೆ. ಪ್ರೀತಿಯಿಂದಲೇ ಕೊಡುತ್ತಾರೆ, ನಿಜ. ಆದರೆ ಚಹಾದ ಒಗರು ಅಂಶ ಊಟದ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಎಳೆಯ ಮಕ್ಕಳಿಗೆ ಚಹಾ ಬೇಡವೇ ಬೇಡ.

ರಕ್ತಹೀನತೆ ಈಗಾಗಲೇ ಇದ್ದರೆ ಅನ್ನವನ್ನು ನಂಬಿ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಥಲಸ್ಸೇಮಿಯಾ ಇರುವ ಮಕ್ಕಳ ಮಾತು ಬೇರೆ. ಪದೇ ಪದೇ ರಕ್ತ ಪಡೆಯುವ ಅವರ ಮೈಯಲ್ಲಿ ಕಬ್ಬಿಣ ಶೇಖರವಾಗುತ್ತದೆ. ಅವರಿಗೆ ಏನು ಕೊಡುವುದಿದ್ದರೂ ವೈದ್ಯರನ್ನು ಕೇಳಿಯೇ ಕೊಡಿ.