ನಡು ಗಟ್ಟಿಯಿದ್ದರೆ ನಡೆ ಹಗುರ

ಕದ್ರಿ ಮಂಜುನಾಥನ ದರ್ಶನ ಮುಗಿಸಿ, ಗುಡ್ಡದ ಮೆಟ್ಟಿಲುಗಳನ್ನೇರಿ ಜೋಗಿಮಠದವರೆಗೆ ಹೋಗಿಬರುವುದು ನನ್ನ ಹಳೆಯ ರೂಢಿ. ಕಳೆದ ವರ್ಷ ಅರ್ಧ ದಾರಿಯಲ್ಲೇ ಸೊಂಟ ಹಿಡಿದುಕೊಂಡಿತು. ಮಗಳ ಕೈಹಿಡಿದು ಇಳಿಯಬೇಕಾಯಿತು. ಪರೀಕ್ಷಿಸಿದ ವೈದ್ಯರು, “ಎಲುಬಿಗೇನೂ ಆಗಿಲ್ಲ, ನಡುವಿನ ಸ್ನಾಯುಗಳು ಸೋತಿವೆ. ಪಿಲಾಟೀಸ್ ಕಲಿಯಿರಿ” ಎಂದರು.

ಹೆಸರು ಕೇಳಿ ಗಾಬರಿಪಡಬೇಕಾಗಿಲ್ಲ. ಜೋಸೆಫ್ ಪಿಲಾಟೀಸ್ ೧೮೮೩ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಬಾಲ್ಯದಲ್ಲಿ ರೋಗಿಷ್ಠ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಸೆರೆಶಿಬಿರದಲ್ಲಿದ್ದಾಗ ಈತ ಜೊತೆಯವರಿಗೆ ವ್ಯಾಯಾಮ ಕಲಿಸಿದ. ಮುಂದೆ ನ್ಯೂಯಾರ್ಕಿನಲ್ಲಿ ಶಾಲೆ ತೆರೆದ. ಹೊಟ್ಟೆ, ಬೆನ್ನು, ಸೊಂಟಗಳ ಸ್ನಾಯುಗಳನ್ನು ಉಸಿರಿನೊಡನೆ ಹದಗೊಳಿಸುವುದೇ ಇದರ ತಿರುಳು.

ಆರಂಭಕ್ಕೆ ಒಂದು ಚಾಪೆ ಸಾಕು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೂರಿರಿ. ಮೂಗಿನಿಂದ ಉಸಿರೆಳೆದುಕೊಳ್ಳಿ. ಉಸಿರು ಬಿಡುತ್ತ ಹೊಕ್ಕುಳನ್ನು ಮೆಲ್ಲನೆ ಒಳಕ್ಕೆ ಸೆಳೆದು, ಸೊಂಟವನ್ನು ನಿಧಾನವಾಗಿ ಮೇಲೆತ್ತಿ ಇಳಿಸಿ. ಉಸಿರು ಬಿಗಿಹಿಡಿಯಬಾರದು. ಐದಾರು ಬಾರಿ, ವಾರಕ್ಕೆ ಎರಡು ಮೂರು ದಿನ. ಎಣಿಕೆಗಿಂತ ಹಿಡಿತ ಮುಖ್ಯ. ನೋವಾದರೆ ನಿಲ್ಲಿಸಿ. ಗರ್ಭಿಣಿಯರು, ಎಲುಬು ಸವೆದವರು, ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ತೊಡಗಬಾರದು. ಮೊದಲ ಕೆಲವು ಪಾಠಗಳನ್ನು ಬಲ್ಲವರ ಎದುರೇ ಕಲಿಯುವುದು ಲೇಸು.

ಇದು ಸರ್ವರೋಗಕ್ಕೂ ಮದ್ದಲ್ಲ. ಸೊಂಟನೋವು ತಗ್ಗಿಸಲು ನೆರವಾಗುತ್ತದೆ. ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲೆಂಬುದು ಸಿದ್ಧವಾಗಿಲ್ಲ. ಯೋಗಾಸನ ಮಾಡುವವರು ಅದನ್ನು ಬಿಡಬೇಕಾಗಿಯೂ ಇಲ್ಲ.

ಮೊನ್ನೆ ಮತ್ತೆ ಜೋಗಿಮಠಕ್ಕೆ ಹತ್ತಿದೆ. ನಡುವೆ ಒಮ್ಮೆ ಕುಳಿತದ್ದುಂಟು. ಇಳಿಯುವಾಗ ಮಾತ್ರ ಯಾರ ಕೈಯೂ ಬೇಕಾಗಲಿಲ್ಲ.