ಸೇತುವೆಗೆ ಸಿಕ್ಕಿದ ಮರ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನನ್ನನ್ನು ಭಾಷಣಕ್ಕೆ ಕರೆದಾಗ, ವಾಡಿಕೆಯಂತೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಆಡುವೆನೆಂದು ಎಣಿಸಿದ್ದರು. ನಾನು ಆರಿಸಿಕೊಂಡ ವಿಷಯ ಬೇರೆ. ಹೊಳೆಯಲ್ಲಿ ತೇಲಿಬಂದು ಸೇತುವೆಯ ಕಂಬಗಳಿಗೆ ಸಿಕ್ಕಿಕೊಳ್ಳುವ ಮರಗಳನ್ನು ಅಪಾಯವಿಲ್ಲದೆ ತೆಗೆಯುವುದು ಹೇಗೆ ಎಂಬುದೇ ಇಂದಿನ ನನ್ನ ವಿಷಯ. ಕನ್ನಡ ಪಂಡಿತನಿಗೆ ಇದರ ಗೊಡವೆ ಏಕೆಂದು ತಾವು ಕೇಳಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಐಪ್ಪಸಿಯ ಮಳೆ ಎರಡು ದಿನ ಬಿಡದೆ ಸುರಿದಿತ್ತು. ಶಾಲೆಗೆ ಹೋಗುವ ದಾರಿಯ ತಗ್ಗು ಸೇತುವೆಗೆ, ತಮಿಳಿನಲ್ಲಿ ನಾವೆಲ್ಲರೂ ‘ತರೈಪಾಲಂ’ ಎನ್ನುವ ಅದಕ್ಕೆ, ಬೇರುಸಹಿತ ಕಿತ್ತುಬಂದ ಒಂದು ಹೊಂಗೆಯ ಮರ ಅಡ್ಡವಾಗಿ ಸಿಕ್ಕಿತ್ತು. ಅದರ ಹಿಂದೆ ತೆಂಗಿನ ಬೊಡ್ಡೆ, ಬಿದಿರು, ಹುಲ್ಲು, ಹರಿದ ಚೀಲಗಳು ಒಟ್ಟಾಗಿ ಒಂದು ಮೆದೆಯಂತೆ ನಿಂತಿದ್ದವು. ಹೊಳೆಯಲ್ಲಿ ಬಂದ ಮರ ಬಡವರ ಮನೆಗೆ ಸೌದೆ. ನಮ್ಮ ಶಾಲೆಯ ಇಬ್ಬರು ಹುಡುಗರು ಆ ಮೆದೆಯ ಮೇಲೇರಿ ಕೊಂಬೆಗಳನ್ನು ಎಳೆಯುತ್ತಿದ್ದರು. ಆಚೆಯ ದಡದಿಂದ ಪೊಲೀಸಿನವರೊಬ್ಬರು ತಮಿಳಿನಲ್ಲಿ ಕೂಗುತ್ತಿದ್ದರು. ಈಚೆಯ ದಡದಲ್ಲಿ ನಿಂತಿದ್ದ ಹುಡುಗನ ಅಜ್ಜಿಗೆ ಆ ಮಾತು ತಿಳಿಯಲಿಲ್ಲ. ಬೇಗ ಎಳೆಯಲು ಹೇಳುತ್ತಿದ್ದಾರೆಂದು ಆಕೆ ಭಾವಿಸಿದರು. ನಾನು ಕೂಗುವಷ್ಟರಲ್ಲಿ ಒಂದು ದಿಮ್ಮಿ ಹೊರಳಿತು. ಒಬ್ಬ ಹುಡುಗನ ಕಾಲು ಮೊಣಕಾಲಿನವರೆಗೆ ಎರಡು ಮರಗಳ ನಡುವೆ ಸಿಕ್ಕಿತು. ದೈವಕೃಪೆಯಿಂದ ಜೀವ ಉಳಿಯಿತು. ಕಾಲಿನ ಮೂಳೆ ಮುರಿದು ಆ ವರ್ಷದ ಓದು ಹೋಯಿತು.

ಅದರ ಹಿಂದಿನ ದಿನವೇ ಅದೇ ತರಗತಿಯಲ್ಲಿ ನಾನು ಮಳೆಗಾಲದ ವರ್ಣನೆಯೊಂದನ್ನು ಅಲಂಕಾರಸಹಿತ ಪಾಠ ಹೇಳಿದ್ದೆ. ಹೊಳೆ ಉಕ್ಕುವ ಸೊಬಗನ್ನು ವಿವರಿಸಿದವನು, ಉಕ್ಕಿದ ಹೊಳೆಯ ಸೇತುವೆಯ ಬಳಿಗೆ ಹೋಗಬೇಡಿರಿ ಎಂಬ ಒಂದು ಮಾತನ್ನು ಹೇಳಿರಲಿಲ್ಲ. ಆ ಕೊರತೆಯನ್ನು ತೀರಿಸಿಕೊಳ್ಳುವುದಕ್ಕಾಗಿ ಅಂದಿನಿಂದ ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇನೆ. ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತೇನೆ.

ನಮ್ಮ ದಕ್ಷಿಣ ಪಿನಾಕಿನಿ ನಂದಿಯ ಬೆಟ್ಟಗಳಲ್ಲಿ ಹುಟ್ಟಿ, ಹೊಸಕೋಟೆಯ ಕಡೆಯಿಂದ ಹರಿದು, ಹೊಸೂರಿನ ಸೀಮೆಯನ್ನು ಹೊಕ್ಕು, ಕೆಲವರಪಳ್ಳಿಯ ಜಲಾಶಯವನ್ನು ತುಂಬಿ, ಕೃಷ್ಣಗಿರಿಯ ಅಣೆಕಟ್ಟನ್ನು ದಾಟಿ, ತೆನ್‌ಪೆಣ್ಣೈ ಎಂಬ ಹೆಸರಿನಿಂದ ಕಡಲೂರಿನ ಬಳಿ ಸಮುದ್ರವನ್ನು ಸೇರುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರೂ ಇದಕ್ಕೇ ಬಂದು ಬೀಳುತ್ತದೆ. ಬೇಸಗೆಯಲ್ಲಿ ಮರಳು ಕಾಣುವಂತೆ ಬತ್ತುವ ಈ ಹೊಳೆಯನ್ನು ಅಲ್ಪವೆಂದು ಬಗೆಯಬಾರದು. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆ ನಮ್ಮ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂಟಿಮೀಟರಿನಷ್ಟು ಬಿದ್ದಿತು. ನಿಲ್ಲಿಸಿದ್ದ ವಾಹನಗಳೂ ಪ್ರವಾಹದಲ್ಲಿ ತೇಲಿಹೋದವು. ಅದೇ ನೆರೆಯಲ್ಲಿ, ಕೆಳಗಿನ ತಿರುವಣ್ಣಾಮಲೈ ಜಿಲ್ಲೆಯ ಅಗರಂ ಪಳ್ಳಿಪಟ್ಟಿನ ಬಳಿ, ಕಟ್ಟಿ ಕೆಲವೇ ತಿಂಗಳಾಗಿದ್ದ ದೊಡ್ಡ ಸೇತುವೆ ಕೊಚ್ಚಿಹೋಯಿತು. ಮರ ಸಿಕ್ಕಿಯೇ ಅದು ಬಿದ್ದಿತೆಂದು ನಾನು ಹೇಳುವುದಿಲ್ಲ. ಏರಿದ ಪಿನಾಕಿನಿಯ ಬಲ ಎಷ್ಟೆಂಬುದನ್ನು ನೆನೆಯಲು ಮಾತ್ರ ಹೇಳಿದೆ.

ಈ ಬಲದ ಲೆಕ್ಕ ಸರಳವಾದುದು. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋಗ್ರಾಮ್. ಹರಿವಿನ ವೇಗ ಎರಡರಷ್ಟಾದರೆ ಅದು ಎದುರಿನ ವಸ್ತುವನ್ನು ಒತ್ತುವ ಬಲ ನಾಲ್ಕರಷ್ಟಾಗುತ್ತದೆ. ಅರ್ಧ ಮೀಟರ್ ದಪ್ಪ, 5 ಮೀಟರ್ ಉದ್ದದ ಹಸಿ ದಿಮ್ಮಿ ನೀರು ಕುಡಿದಾಗ ಹೆಚ್ಚು ಕಡಿಮೆ ಒಂದು ಟನ್ ತೂಗೀತು. ಇದನ್ನು ನಾಲ್ಕು ಜನ ಗಳು ಹಿಡಿದು ತಳ್ಳುವೆವೆಂದು ಹೊರಡುವುದು ಶೌರ್ಯವಲ್ಲ, ಲೆಕ್ಕ ತಪ್ಪಿದ ಕೆಲಸ.

ಮೆದೆ ಕಟ್ಟುವ ಕ್ರಮವೂ ಹೀಗೆಯೇ ತಿಳಿಯತಕ್ಕದ್ದು. ಮೊದಲು ಒಂದು ಉದ್ದನೆಯ ಮರ ಎರಡು ಕಂಬಗಳಿಗೆ ಅಡ್ಡಲಾಗಿ ಸಿಕ್ಕುತ್ತದೆ. ಅದರ ಕೊಂಬೆಗಳು ಬಲೆಯಂತೆ ಸಣ್ಣ ಕಡ್ಡಿಗಳನ್ನು ಹಿಡಿಯುತ್ತವೆ. ಕಡ್ಡಿಗಳ ಸಂದನ್ನು ಹುಲ್ಲು, ನೀರಕಳೆ, ಪ್ಲಾಸ್ಟಿಕ್ಕು ಮುಚ್ಚುತ್ತವೆ. ಕಂಡಿ ಮುಚ್ಚಿದಂತೆಲ್ಲ ಮೇಲ್ಗಡೆ ನೀರು ಏರಿ ಹೊಲಮನೆಗಳಿಗೆ ನುಗ್ಗುತ್ತದೆ. ಉಳಿದ ಕಿರಿದಾದ ಸಂದಿನಲ್ಲಿ ನೀರು ಇಮ್ಮಡಿ ರಭಸದಿಂದ ನುಗ್ಗಿ ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ಪಕ್ಕಕ್ಕೆ ತಿರುಗಿದ ನೀರು ಸೇತುವೆಯ ಎರಡೂ ತುದಿಯ ಏರಿಯನ್ನು ತಿನ್ನುತ್ತದೆ. ಮೇಲೆ ರಸ್ತೆ ಗಟ್ಟಿಯಾಗಿ ಕಂಡರೂ ಕೆಳಗೆ ನೆಲವಿಲ್ಲದಿರಬಹುದು. ಆದುದರಿಂದ ಮರ ಸಿಕ್ಕಿದ ಸೇತುವೆಯ ಮೇಲೆ ನೋಡಲು ಹೋಗಿ ಗುಂಪು ನಿಲ್ಲುವುದೇ ಮೊದಲನೆಯ ತಪ್ಪು.

ಕೆಲಸ ಬಲ್ಲವರಿಗೂ ಇದು ಎಷ್ಟು ಕಠಿನವೆಂಬುದಕ್ಕೆ ಕನ್ನಡನಾಡಿನ ಒಂದು ನಿದರ್ಶನವುಂಟು. 2022ರ ಆಗಸ್ಟ್ ಮೊದಲ ವಾರದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ಮತ್ತು ಸುಬ್ರಹ್ಮಣ್ಯದ ಸೀಮೆಯಲ್ಲಿ ಭೀಕರ ಮಳೆಯಾಗಿ ಗುಡ್ಡಗಳು ಜರಿದವು. ಹರಿಹರ ಪಳ್ಳತ್ತಡ್ಕದ ಕಡೆ ಸೇತುವೆಗೆ ರಾಶಿ ರಾಶಿ ಮರಗಳು ಬಂದು ಸಿಕ್ಕಿದವು. ಅವನ್ನು ಕ್ರೇನಿನಿಂದ ಎತ್ತುತ್ತಿದ್ದಾಗ ಕೆಲಸಗಾರನೊಬ್ಬ ಕಾಲು ಜಾರಿ ಹೊಳೆಗೆ ಬಿದ್ದ. ಊರಿನ ಯುವಕನೊಬ್ಬ ಹಿಂದೆಮುಂದೆ ನೋಡದೆ ಧುಮುಕಿ ಅವನನ್ನು ದಡಕ್ಕೆ ತಂದ. ಇಬ್ಬರ ಮತ ಬೇರೆ ಬೇರೆ. ಆ ಹೊತ್ತಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಆ ಯುವಕನಿಗೆ ನಾವೆಲ್ಲರೂ ತಲೆಬಾಗಬೇಕು. ಆದರೆ ಯಂತ್ರವಿದ್ದು ಅನುಭವವಿದ್ದವನೂ ನೀರಿಗೆ ಬಿದ್ದನೆಂಬ ಪಾಠವನ್ನು ಮರೆಯಬಾರದು. ಎಲ್ಲ ಹೊಳೆಯ ದಡದಲ್ಲಿಯೂ ಅಂತಹ ಯುವಕ ನಿಂತಿರುವುದಿಲ್ಲ. ಧುಮುಕಿದವರೆಲ್ಲ ಮರಳಿ ಬರುವುದೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ದಾರಿಯನ್ನು ಎರಡೂ ಕಡೆ ತಡೆಯಬೇಕು. ಜಿಲ್ಲಾ ವಿಪತ್ತು ನಿರ್ವಹಣೆಯ 1077 ಸಂಖ್ಯೆಗಾಗಲಿ ಅಗ್ನಿಶಾಮಕ ದಳದ 101 ಸಂಖ್ಯೆಗಾಗಲಿ ತಿಳಿಸಬೇಕು. ಎರಡನೆಯದಾಗಿ, ಸೇತುವೆ ಸದ್ಯದಲ್ಲಿ ಮುರಿಯುವ ಭಯವಾಗಲಿ ಮನೆಗಳು ಮುಳುಗುವ ಭಯವಾಗಲಿ ಇಲ್ಲದಿದ್ದರೆ, ನೀರು ಇಳಿಯುವವರೆಗೆ ಕಾಯಬೇಕು. ಇಳಿದ ಹೊಳೆಯಲ್ಲಿ ಒಂದು ಗಂಟೆಯಲ್ಲಿ ಆಗುವ ಕೆಲಸಕ್ಕೆ ಏರಿದ ಹೊಳೆಯಲ್ಲಿ ಒಂದು ಜೀವವನ್ನು ತೆರಬೇಕಾದೀತು.

ಮೂರನೆಯದಾಗಿ, ಯಾವ ಕಾರಣಕ್ಕೂ ಮೆದೆಯ ಮೇಲೆ ಕಾಲಿಡಕೂಡದು. ಅದರ ಮೇಲ್ಗಡೆಯ ನೀರಿಗೆ ಇಳಿಯಕೂಡದು. ಸೋಸುವ ಜರಡಿಯಲ್ಲಿ ನೀರು ಹೋಗಿ ಚರಟ ನಿಲ್ಲುವಂತೆ, ಮರಗಳ ಸಂದಿನಲ್ಲಿ ನೀರು ಹೋಗುತ್ತದೆ, ಮನುಷ್ಯ ನಿಲ್ಲುತ್ತಾನೆ. ನಿಂತವನನ್ನು ನೀರು ಅಡಿಗೆ ಒತ್ತುತ್ತದೆ. ಈಜು ಬಲ್ಲವನಿಗೂ ಅಲ್ಲಿ ಈಜು ಒದಗದು. ನಡುವಿಗೆ ಹಗ್ಗ ಬಿಗಿದುಕೊಂಡು ಇಳಿದರೆ ಕ್ಷೇಮವೆಂಬ ನಂಬಿಕೆ ನಮ್ಮಲ್ಲಿ ಬಹಳ. ದಡದ ಮರಕ್ಕೆ ಕಟ್ಟಿದ ಹಗ್ಗವೇ ರಭಸದ ನೀರಿನಲ್ಲಿ ಮನುಷ್ಯನನ್ನು ಮುಳುಗಿಸಿ ಹಿಡಿಯಬಲ್ಲದು.

ನಾಲ್ಕನೆಯದಾಗಿ, ಯಂತ್ರವನ್ನು ಗಟ್ಟಿ ನೆಲದ ಮೇಲೆ ದಡದಲ್ಲಿ ನಿಲ್ಲಿಸಬೇಕು. ಇಂಜಿನಿಯರು ನೋಡಿ ಒಪ್ಪದೆ ಸೇತುವೆಯ ಮೇಲೆ ಅದನ್ನು ತರಕೂಡದು. ಉದ್ದ ತೋಳಿನ ಯಂತ್ರ ಬಿಡಿಯಾದ ಸಣ್ಣ ಮರಗಳನ್ನು ಅಂಚಿನಿಂದ ಒಂದೊಂದಾಗಿ ತೆಗೆಯುತ್ತ, ಎಲ್ಲವನ್ನೂ ಹಿಡಿದಿರುವ ಮೂಲದ ಮರವನ್ನು ಕೊನೆಗೆ ಮುಟ್ಟಬೇಕು. ಆತುರದಿಂದ ಅದನ್ನೇ ಮೊದಲು ಎಳೆದರೆ ಇಡೀ ಮೆದೆ ಒಮ್ಮೆಗೇ ಕಳಚಿ ಕೆಳಗಿನ ಊರಿನ ಸೇತುವೆಗೆ ಅಪ್ಪಳಿಸುತ್ತದೆ. ಆದುದರಿಂದ ತೆಗೆದ ಮರವನ್ನು ಹೊಳೆಗೆ ಬಿಡದೆ ದಡಕ್ಕೆ ಹಾಕತಕ್ಕದ್ದು. ಕೆಳಗಿನ ಊರಿಗೆ ಮೊದಲೇ ಹೇಳಿಕಳುಹಿಸತಕ್ಕದ್ದು. ಬಿಗಿದ ಉಕ್ಕಿನ ಹಗ್ಗ ಕಡಿದರೆ ಚಾಟಿಯಂತೆ ಹೊಡೆಯುತ್ತದೆ. ಬಾಗಿ ಸಿಕ್ಕಿದ ಕೊಂಬೆಯನ್ನು ಗರಗಸ ಮುಟ್ಟಿದೊಡನೆ ಅದು ಬಿಲ್ಲಿನಂತೆ ಚಿಮ್ಮುತ್ತದೆ. ಆ ಎರಡರ ನೇರಕ್ಕೆ ಯಾರೂ ನಿಲ್ಲಬಾರದು. ಒಬ್ಬ ಕಾವಲುಗಾರ ಮೇಲ್ಗಡೆಯ ದಡದಲ್ಲಿ ನಿಂತು, ಹೊಸ ಮರ ತೇಲಿಬರುವುದನ್ನು ಕಂಡೊಡನೆ ಸೀಟಿ ಊದಬೇಕು. ಕೆಲಸ ಮುಗಿದ ಮೇಲೆ ಕಂಬದ ಬುಡವನ್ನು ಪರೀಕ್ಷಿಸದೆ ದಾರಿ ಬಿಡಬಾರದು.

ಇವೆಲ್ಲಕ್ಕಿಂತ ಸುಲಭವಾದ ಉಪಾಯ ಮಳೆಗೆ ಮುಂಚಿನದು. ನಮಗೆ ಎರಡು ಮಳೆಗಾಲ: ಜೂನ್‌ನಿಂದ ಒಂದು, ಅಕ್ಟೋಬರಿನಿಂದ ಇನ್ನೊಂದು. ಅದಕ್ಕೆ ಮೊದಲೇ ಹೊಳೆಯ ದಡದಲ್ಲಿ ಬಿದ್ದ ಮರ, ಕಡಿದು ರಾಶಿ ಹಾಕಿದ ನೀಲಗಿರಿ, ತೆಂಗಿನ ಬೊಡ್ಡೆಗಳನ್ನು ಎತ್ತರಕ್ಕೆ ಸಾಗಿಸಿದರೆ ಸಾಕು. ಇಂದು ನಾವು ಹಳ್ಳಕ್ಕೆ ತಳ್ಳಿದ ಬೊಡ್ಡೆಯೇ ನಾಳೆ ನಮ್ಮ ಮಕ್ಕಳ ಶಾಲೆಯ ದಾರಿಗೆ ಅಡ್ಡವಾಗುತ್ತದೆ.

ಕಡೆಯದಾಗಿ ಒಂದು ಮಾತು. ಇದನ್ನು ಈ ಸಂಘದಲ್ಲಿ ಹೇಳದೆ ಬೇರೆಲ್ಲಿ ಹೇಳಲಿ? ಸರ್ಕಾರದ ನೆರೆಯ ಎಚ್ಚರಿಕೆ ನಮಗೆ ತಮಿಳಿನಲ್ಲಿ ಬರುತ್ತದೆ. ನಮ್ಮ ಹಿರಿಯರಲ್ಲಿ ಅನೇಕರಿಗೆ ಸಂತೆಯ ತಮಿಳು ತಿಳಿದೀತು. ರಾತ್ರಿಯ ಮಳೆಯಲ್ಲಿ ದೂರದಿಂದ ಕೂಗಿದ ತಮಿಳು ತಿಳಿಯದು. ಇದರಲ್ಲಿ ಯಾರ ಮೇಲೂ ದೂರಿಲ್ಲ. ಅಂದು ಕೂಗಿದ ಆ ಪೊಲೀಸಿನವರು ನಮ್ಮ ಹುಡುಗನಿಗಾಗಿಯೇ ಕೂಗಿದರು. ಕೊನೆಗೆ ಮರಗಳ ಸಂದಿನಿಂದ ಅವನ ಕಾಲನ್ನು ಬಿಡಿಸಿದ ಕೈಗಳಲ್ಲಿ ಅವರ ಕೈಯೂ ಇತ್ತು. ಎರಡೂ ನುಡಿ ಬಲ್ಲ ನಮ್ಮ ತರುಣರು ಪ್ರತಿ ಊರಿನಲ್ಲಿ ಇಬ್ಬರಂತೆ ಮುಂದೆ ಬಂದು, ಎಚ್ಚರಿಕೆ ಬಂದ ಕೂಡಲೆ ಮನೆಮನೆಗೆ ಕನ್ನಡದಲ್ಲಿಯೂ, ಬೇಕಾದ ಕಡೆ ತೆಲುಗಿನಲ್ಲಿಯೂ ಅದನ್ನು ಮುಟ್ಟಿಸಲಿ. ಸಂಘವು ಅವರ ಪಟ್ಟಿಯೊಂದನ್ನು ಈ ವರ್ಷವೇ ಸಿದ್ಧಪಡಿಸಲಿ ಎಂಬುದು ನನ್ನ ಬಿನ್ನಹ. ಗಡಿಯಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವು ವರ್ಷ ವರ್ಷವೂ ಹೇಳುತ್ತೇವೆ. ಆ ಕನ್ನಡ ಒಬ್ಬ ಅಜ್ಜಿಗೆ ಸಕಾಲದಲ್ಲಿ ‘ಮಗೂ, ಇಳಿಯಬೇಡ’ ಎನ್ನಲು ಒದಗಿದರೆ, ಅದು ತಾನಾಗಿಯೇ ಉಳಿಯುತ್ತದೆ.