ಬೇಡದ ಸಲಕರಣೆಗಳ ಹೊರೆ



ಕುಂಟೆ ಕೊಳ್ಳಲು ಹೋದ ರೈತನಿಗೆ ಬಡಿಗನು ಕುಂಟೆಯ ಜೊತೆಗೆ ತನ್ನ ಉಳಿ, ಬಾಚಿ, ಗರಗಸಗಳನ್ನೂ ಹೊರಿಸಿ ಕಳಿಸಿದರೆ ಹೇಗಿದ್ದೀತು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಯಲ್ಲಿ ಅಂಥ ವ್ಯಾಪಾರ ನಗೆಗೀಡಾದೀತು. ಗಣಕಯಂತ್ರದ ಲೋಕದಲ್ಲಾದರೋ ಅದು ನಿತ್ಯದ ವ್ಯವಹಾರ.

ತಂತ್ರಾಂಶವನ್ನು ಗಣಕದಲ್ಲಿ ನೆಲೆಗೊಳಿಸುವ ಸಾಧನಕ್ಕೆ ಇನ್‌ಸ್ಟಾಲರ್ ಎಂದು ಹೆಸರು. ಅದು ಹೊತ್ತು ತರುವ ಸಾಮಾನು ಎರಡು ಬಗೆಯದು. ಮೊದಲನೆಯದು ತಂತ್ರಾಂಶ ನಡೆಯುವುದಕ್ಕೇ ಬೇಕಾದದ್ದು. ವಿಂಡೋಸ್ ಗಣಕದಲ್ಲಿ ಅನೇಕ ತಂತ್ರಾಂಶಗಳು ವಿಷುಯಲ್ ಸಿ ಪ್ಲಸ್ ಪ್ಲಸ್ ಘಟಕಗಳಿಲ್ಲದೆ ಮೇಲೇಳಲಾರವು. ಅದರ ಬಗೆಗೆ ತಕರಾರು ಸಲ್ಲದು. ಎರಡನೆಯದು ತಂತ್ರಾಂಶವನ್ನು ಕಟ್ಟುವವರಿಗೆ ಮಾತ್ರ ಬೇಕಾದ ಕಂಪೈಲರ್ ಮೊದಲಾದ ಸಲಕರಣೆ. ನಿರ್ಮಾಪಕನು ಎಲ್ಲವನ್ನೂ ತನ್ನಲ್ಲಿಯೇ ಸಿದ್ಧಗೊಳಿಸದೆ, ಕೆಲವು ಭಾಗಗಳನ್ನು ಬಳಸುವವನ ಗಣಕದಲ್ಲಿ ಕಟ್ಟಿಸಹೊರಟಾಗ ಈ ಹೊರೆ ಬರುತ್ತದೆ. ನಿರ್ಮಾಪಕನ ಶ್ರಮ ಉಳಿಯುತ್ತದೆ. ಬಳಸುವವನ ಜಾಗ ಹೋಗುತ್ತದೆ.

ನೋಡ್ ಜೆಎಸ್ ಎಂಬುದರ ವಿಂಡೋಸ್ ಇನ್‌ಸ್ಟಾಲರನ್ನು ನೋಡಿ. ಅದರಲ್ಲೊಂದು ಚೌಕಕ್ಕೆ ಗುರುತು ಹಾಕಿದರೆ ಪೈಥಾನ್, ವಿಷುಯಲ್ ಸ್ಟುಡಿಯೋದ ಕಟ್ಟುವ ಸಲಕರಣೆಗಳು ಎಲ್ಲವೂ ಬಂದಿಳಿಯುತ್ತವೆ. ಹಲವು ಗಿಗಾಬೈಟ್ ಜಾಗ ಬೇಕು. ಆದರೆ ಅದು ಮೊದಲು ಕೇಳುತ್ತದೆ, ಅಳತೆಯನ್ನೂ ಹೇಳುತ್ತದೆ. ಹಳೆಯ ಗಣಕ, ಮೊಬೈಲಿನ ಮಿತ ಅಂತರ್ಜಾಲ ಇವುಗಳಲ್ಲೇ ಕಲಿಯಬೇಕಾದ ತಾಲೂಕಿನ ವಿದ್ಯಾರ್ಥಿಗೆ ಈ ಒಂದು ಮಾತಿನ ಬೆಲೆ ದೊಡ್ಡದು. ಕೇಳದೆ ಬಂದಿಳಿಯುವ ಹೊರೆಯಿಂದ ಅವನ ಕಲಿಕೆಯೇ ಅರ್ಧಕ್ಕೆ ನಿಂತೀತು.

ಸಮ್ಮತಿಯನ್ನು ಮೊದಲೇ ಊಹಿಸಿಕೊಳ್ಳುವ ರೂಢಿಯೂ ಉಂಟು. ಜಾವಾದೊಡನೆ ಆಸ್ಕ್ ಟೂಲ್‌ಬಾರ್ ಬರುತ್ತಿದ್ದ ಕಾಲದಲ್ಲಿ ಚೌಕದಲ್ಲಿ ಗುರುತು ಮೊದಲೇ ಬಿದ್ದಿರುತ್ತಿತ್ತು. ಬೇಡವೆನ್ನುವವನೇ ಅದನ್ನು ಅಳಿಸಬೇಕಿತ್ತು. ಇಂಥ ಜೋಡಣೆ ನ್ಯಾಯಪೀಠಗಳನ್ನೂ ಮುಟ್ಟಿದೆ. ವಿಂಡೋಸ್‌ನೊಡನೆ ಮೀಡಿಯಾ ಪ್ಲೇಯರನ್ನು ಸೇರಿಸಿದ್ದೇ ಮೊದಲಾದ ಕಾರಣಗಳಿಗೆ ಯುರೋಪಿನ ಆಯೋಗವು ೨೦೦೪ರಲ್ಲಿ ಮೈಕ್ರೋಸಾಫ್ಟ್‌ಗೆ ದಂಡ ವಿಧಿಸಿತು. ಭಾರತದ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಪ್ರಕರಣದಲ್ಲಿ ೨೦೨೨ರ ಅಕ್ಟೋಬರಿನಲ್ಲಿ ಗೂಗಲ್‌ಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ ೨೦೨೩ರ ಮಾರ್ಚಿನಲ್ಲಿ ಆ ದಂಡವನ್ನು ಎತ್ತಿಹಿಡಿಯಿತು. ತಯಾರಕರು ಫೋನಿನಲ್ಲಿ ತನ್ನ ಅಪ್ಲಿಕೇಶನ್‌ಗಳ ಕಟ್ಟನ್ನೇ ಇಡಬೇಕೆಂಬ ಷರತ್ತು ಅಲ್ಲಿನ ವಾದಗಳಲ್ಲೊಂದು.

ನ್ಯಾಯಾಲಯದ ದಾರಿ ದೊಡ್ಡವರದು. ನಮಗೆ ಎಟುಕುವುದು ಇಷ್ಟು: ಇನ್‌ಸ್ಟಾಲರ್ ‘ಕಸ್ಟಮ್’ ಎಂಬ ಆಯ್ಕೆ ಕೊಟ್ಟರೆ ಅದನ್ನೇ ಹಿಡಿಯುವುದು, ಪ್ರತಿ ಚೌಕವನ್ನೂ ಓದುವುದು, ಏನೇನು ಹೊಸದಾಗಿ ಸೇರಿತೆಂದು ಗಣಕದ ಪಟ್ಟಿಯಲ್ಲಿ ನೋಡುವುದು. ತಂತ್ರಾಂಶ ಕಟ್ಟುವವರಲ್ಲಿ ಕೇಳಬೇಕಾದದ್ದೂ ದೊಡ್ಡದಲ್ಲ: ಏನು ತರುತ್ತೀರಿ, ಎಷ್ಟು ತರುತ್ತೀರಿ ಎಂಬುದನ್ನು ಮೊದಲೇ ಹೇಳಿ, ಬೇಡವೆಂದವನಿಗೆ ಬಾಗಿಲು ತೆರೆದಿರಲಿ.